ಕಮಾಂಡರ್ ಕಿವಿ

ಕಣ್ಣು ಕಾಣದವರ ಮುಂದೆ ನಡೆದು ತೋರಿಸಿ ಮೋಸ ಮಾಡಲು ಹೊರಟ ಮೊದಲ ಮಿಮಿಕ್ರಿ ಕಲಾವಿದ ನಾನೇ ಇರಬೇಕು. ದಡ್ಡತನಕ್ಕೂ ಪದಕ ಕೊಡುವಂತಿದ್ದರೆ, ಪಕ್ಕದ ಮನೆಯ ಕಮಾಂಡರ್ ನಂಜುಂಡಪ್ಪನವರ ಪದಕಗಳ ಸಾಲಿನಲ್ಲಿ ನನ್ನದೂ ಒಂದು ನೇತಾಡುತ್ತಿತ್ತು.

ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ಸಂಜೆಯಾದರೆ ಅವರು ಪೋರ್ಟಿಕೊದ ಬೆಂಚಿನ ಮೇಲೆ ಕದಲದೆ ಕೂರುತ್ತಿದ್ದರು. ಗ್ಲಾಕೋಮಾ ಎರಡೂ ಕಣ್ಣು ತಿಂದುಹಾಕಿತ್ತು. ಆದರೂ ತಿರುವಿನಾಚೆ ಚಪ್ಪಲಿ ಸದ್ದಾದರೆ ಸಾಕು, "ಏನ್ ಪಾರ್ವತಮ್ಮ, ಮಂಡಿ ನೋವು ಜಾಸ್ತಿ ಆಯ್ತಾ?" ಎನ್ನುತ್ತಿದ್ದರು. ಪಾರ್ವತಮ್ಮ ಕಾಣಿಸಿಕೊಳ್ಳುತ್ತಿದ್ದದ್ದು ಆಮೇಲೆ. ನನಗೆ ಮೈ ಜುಂ ಎನ್ನುತ್ತಿತ್ತು.

ಹುಣಸಮಾರನಹಳ್ಳಿಯಲ್ಲಿ ಹುಟ್ಟಿ, ಯಲಹಂಕ ಕೆರೆಗಿಂತ ದೊಡ್ಡ ನೀರು ಕಂಡಿರದ ಅವರು ನೌಕಾಪಡೆ ಸೇರಿ, ವರ್ಷಗಟ್ಟಲೆ ಸಬ್‌ಮೆರೀನ್‌ಗಳಲ್ಲಿ ದುಡಿದು ಕಮಾಂಡರ್ ಆಗಿ ನಿವೃತ್ತರಾಗಿದ್ದರು. ಅಷ್ಟೆಲ್ಲ ಬಂದರು ಸುತ್ತಿದರೂ ಅವರ ಹಕಾರ ಮಾತ್ರ ಊರಲ್ಲೇ ಉಳಿದಿತ್ತು.

"ಸಬ್‌ಮೆರೀನಿಗೆ ಕಿಟಕಿ ಇರಲ್ಲ ಕಣೋ. ನೀರೊಳಗಿದ್ದೂ ನೀರು ನೋಡ್ದೆ ಇದ್ದೋರು ನಾವು. ಮೇಲೆ ಓಗೋ ಅಡಗು ಯಾವ್ದು ಅಂತ ಸದ್ದಲ್ಲೇ ಕಂಡ್ಕೋಬೇಕು. ಒಬ್ಬ ಸ್ಪೂನ್ ಬೀಳಿಸಿದ್ರೆ ಎಲ್ರೂ ಉಸಿರು ನಿಲ್ಸಿ ಕೂರ್ತಿದ್ವಿ."

ಆ ಕಿವಿಗೆ ಒಂದೇ ಒಂದು ಸಲ ಟೋಪಿ ಹಾಕಬೇಕೆಂಬುದು ನನ್ನ ಜೀವನದ ಗುರಿಯಾಯಿತು. ಪೇಪರ್ ಹಾಕುವವನಂತೆ ಓಡಿ ಬಂದೆ. ಬಡಾವಣೆ ಸಂಘದ ಅಧ್ಯಕ್ಷರಂತೆ ಹೊಟ್ಟೆ ಮುಂದಿಟ್ಟುಕೊಂಡು ಬಂದೆ. "ಬಾ ಮಧು, ಅಧ್ಯಕ್ಷರು ಇವತ್ತು ಸ್ವಲ್ಪ ತೆಳ್ಳಗಾಗವ್ರೆ" ಎಂದರು.

ಅವರ ಹೆಂಡತಿ ಸರೋಜಮ್ಮ ತೀರಿಕೊಂಡು ಕೆಲವು ತಿಂಗಳಾಗಿತ್ತು. ಬಲಗಾಲು ತುಸು ಎಳೆದು ನಡೆಯುತ್ತಿದ್ದ ಆಕೆಯನ್ನು, ಬದುಕಿದ್ದಾಗ ಆಕೆಯೆದುರೇ ಅನುಕರಿಸಿ ಎಷ್ಟೋ ಸಲ ನಗಿಸಿದ್ದೆ. ಬುದ್ಧಿಗೇಡಿ, ಒಂದು ಸಂಜೆ ಅದೇ ನಡಿಗೆಯಲ್ಲಿ ಗೇಟು ದಾಟಿ ಬಂದುಬಿಟ್ಟೆ.

ಕಮಾಂಡರ್ ಅಲ್ಲಾಡಲಿಲ್ಲ. "ಅಂಗಲ್ಲ ಕಣೋ ಮಧು. ಚಿಲಕ ಆಕ್ಬಿಟ್ಟು ಒಂದು ಗಳಿಗೆ ನಿಂತ್ಕೊಂತಾಳೆ. ಆಮೇಲೆ ಮೆಟ್ಟಿಲು."

"ತಪ್ಪಾಯ್ತು ಸರ್, ಬಿಡಿ..."

"ಇನ್ನೊಂದ್ಸಲ ಬಾ."

ಬಂದೆ. ಚಿಲಕ ಹಾಕಿದೆ, ನಿಂತೆ. ಮೆಟ್ಟಿಲೇರುವಾಗ ನಾನು ಎಳೆಯುವ ಮೊದಲೇ ಬಲಗಾಲು ತಾನಾಗಿ ಎಳೆದುಕೊಂಡಿತು. ಈ ಸಲ ಅವರು ನನ್ನ ಹೆಸರು ಹೇಳಲಿಲ್ಲ. ಮೆಲ್ಲಗೆ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟು, "ಕೂತ್ಕೋ, ಕಾಫಿ ಆರ್ತದೆ" ಎಂದರು. ಕಾಫಿ ಎಲ್ಲೂ ಇರಲಿಲ್ಲ.

ಗೆದ್ದಿದ್ದೆ. ಆ ಖಾಲಿ ಜಾಗದಲ್ಲಿ ಕೂರುವ ಧೈರ್ಯವಾಗದೆ ಮನೆಗೆ ಓಡಿದೆ. ಓಡುತ್ತಿರುವ ಕಾಲು ಯಾರದೆಂದು ಅವರು ಕೇಳಲೂ ಇಲ್ಲ.

ಆಮೇಲೆ ಎಷ್ಟೋ ದಿನ ಆ ಕಡೆ ತಲೆ ಹಾಕಲಿಲ್ಲ. ಕಮಾಂಡರ್ ಹಾಸಿಗೆ ಹಿಡಿದಿದ್ದಾರೆಂದು ತಿಳಿದಾಗ, ಇನ್ನು ಯಾರ ನಡಿಗೆಯೂ ಬೇಡ, ನನ್ನದರಲ್ಲೇ ಹೋಗೋಣವೆಂದು ಹೊರಟೆ. ಅವರು ಎಂದಿನಂತೆ "ಬಾ ಮಧು" ಅಂದುಬಿಟ್ಟರೆ ಕಾಲು ತಾನಾಗಿ ಎಳೆದುಕೊಂಡ ಆ ಸಂಜೆಯ ಭಯ ಇಳಿದುಹೋಗುತ್ತಿತ್ತು. ಅವರನ್ನು ನಾನು ಕಂಡದ್ದು ಅದೇ ಕೊನೆ. ಬಾಗಿಲಿಂದ ಮಂಚದವರೆಗೆ ನಡೆಯುವಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು.

"ಯಾರ್ರೀ ಅದು?"

"ನಾನೇ ಸರ್, ಮಧು."

ದನಿ ಬಂದತ್ತ ಕಿವಿ ತಿರುಗಿಸಿದರು. ಆಮೇಲೆ, ಅಪರಿಚಿತರಿಗೆ ತೋರುವ ಮರ್ಯಾದೆಯಿಂದ ಹೇಳಿದರು:

"ದನಿಯೇನೋ ಚೆನ್ನಾಗಿ ಕಲ್ತಿದ್ದೀರಿ ಕಣ್ರೀ. ಆದ್ರೆ ನಮ್ಮ ಮಧು ಕಾಲು ಇಂಗಿರಲ್ಲ."