ಹಗೇವಿನ ಮೇಲೆ ಕೂತ ನಾಯಿ

ಮದುವೆಯಾಗಿ ಹೊಸಹಳ್ಳಿಗೆ ಬಂದಾಗ ನನ್ನ ಜೊತೆ ಒಂದು ಟ್ರಂಕು, ಒಂದಿಷ್ಟು ಪಾತ್ರೆ, ಒಂದು ನಾಯಿ ಬಂದವು. ಟ್ರಂಕು ಪಾತ್ರೆಗಳ ಬಗ್ಗೆ ಯಾರದೂ ತಕರಾರಿರಲಿಲ್ಲ. ನಾಯಿಯನ್ನು ನೋಡಿ ಅತ್ತೆ ಮೊದಲು ಕೇಳಿದ್ದು, ಇದರ ಬಾಲ ಎಲ್ಲಿ ಅಂತ.

ನಮ್ಮಪ್ಪ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಬಿಳಿ ದೊರೆಯ ಕಾರು ಓಡಿಸುತ್ತಿದ್ದವರು. ದೊರೆ ದೇಶ ಬಿಟ್ಟು ಹೋಗುವಾಗ ಸಾಕಿದ ಹೆಣ್ಣುನಾಯಿಯನ್ನು ಅಪ್ಪನಿಗೆ ಕೊಟ್ಟು ಹೋದ. ಇದು ಅದರ ಮರಿ, ಫಾಕ್ಸ್ ಟೆರಿಯರ್ ಜಾತಿ. ಆ ಜಾತಿಯ ಪುರಾಣವೆಲ್ಲ ಅಪ್ಪನ ಬಾಯಲ್ಲಿತ್ತು. ಇಂಗ್ಲೆಂಡಿನಲ್ಲಿ ನರಿ ಬೇಟೆಯವರು ಕುದುರೆ ಹತ್ತಿ, ದೊಡ್ಡ ನಾಯಿಗಳ ಹಿಂಡು ಬಿಟ್ಟುಕೊಂಡು ಹೊರಡುತ್ತಿದ್ದರಂತೆ. ನರಿ ಬಿಲ ಹೊಕ್ಕರೆ ದೊಡ್ಡ ನಾಯಿಗಳ ಆಟ ಮುಗಿಯಿತು. ಆಗ ಈ ಗಿಡ್ಡನನ್ನು ಒಳಗೆ ಬಿಡುವುದು. ಟೆರಿಯರ್ ಅನ್ನುವ ಹೆಸರೇ ಮಣ್ಣಿನಿಂದ ಬಂದದ್ದು, ನೆಲದೊಳಗೆ ನುಗ್ಗುವ ನಾಯಿ ಅಂತ. ನರಿಯೆಂದುಕೊಂಡು ಇದನ್ನೇ ಹೊಡೆದುಹಾಕದಿರಲಿ ಎಂದು ಬಿಳಿ ಮೈಯ ಮರಿಗಳನ್ನೇ ಆರಿಸಿ ತಳಿ ಬೆಳೆಸಿದರಂತೆ. ಮರಿಯಿದ್ದಾಗಲೇ ಬಾಲ ಕತ್ತರಿಸಿ ಒಂದು ಹಿಡಿಯಷ್ಟು ಉಳಿಸುವುದು, ಬಿಲದಲ್ಲಿ ಸಿಕ್ಕಿಕೊಂಡರೆ ಹಿಡಿದು ಎಳೆಯಲು. ಅಪ್ಪ ಇದನ್ನೆಲ್ಲ ತಾನೇ ಲಂಡನ್ನಿಗೆ ಹೋಗಿ ನೋಡಿಬಂದವರ ಹಾಗೆ ಹೇಳುತ್ತಿದ್ದರು.

ಅತ್ತೆಗೆ ಇದ್ಯಾವುದೂ ಬೇಕಿರಲಿಲ್ಲ. ಅವರ ಕಣ್ಣಿಗೆ ಅದು ಕಾವಲಿಗೂ ಬಾರದ ಮೋಟುಬಾಲದ ಪ್ರಾಣಿ. ಒಂದು ಗಳಿಗೆ ಸುಮ್ಮನಿರದು. ಓತಿಕ್ಯಾತನ ಹಿಂದೆ ಓಡುವುದು, ತನ್ನ ಎರಡರಷ್ಟಿರುವ ಬೀದಿನಾಯಿಯ ಮೇಲೆ ಏರಿಹೋಗುವುದು, ಕರೆದರೆ ಒಂದು ಕಿವಿ ಮಾತ್ರ ತಿರುಗಿಸುವುದು. ಹಟ ಅಂದರೆ ಹಟ. ಆ ವಿಷಯದಲ್ಲಿ ಅತ್ತೆಯೂ ಏನೂ ಕಡಿಮೆಯಿರಲಿಲ್ಲ, ಹಾಗಂತ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾನು ಬರುವ ಹಿಂದಿನ ವರ್ಷವೇ ನಮ್ಮ ಮನೆಯದೂ ಸೇರಿ ಊರಿನ ಹೊಲವೆಲ್ಲ ಹೊಸ ಬಡಾವಣೆಗೆ ಹೋಗಿತ್ತು. ಕಲ್ಲು ನೆಟ್ಟು ರಸ್ತೆ ಎಳೆದಿದ್ದರು. ಕೊನೆಯ ಬೆಳೆಯ ರಾಗಿ ಹಿತ್ತಲಿನ ಹಗೇವಿನಲ್ಲಿತ್ತು. ಹಗೇವು ಅಂದರೆ ನೆಲದೊಳಗೆ ದೊಡ್ಡ ಗುಡಾಣದ ಹಾಗೆ ತೋಡಿದ ಕಣಜ. ಒಳಗೆ ಹುಲ್ಲು ಹೊದಿಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಹೊಸ ರಾಗಿ ಕಣಕ್ಕೆ ಬಂದ ಮೇಲೆಯೇ ಹಳೆಯ ಹಗೇವು ತೆಗೆಯಬೇಕು ಎನ್ನುವುದು ಆ ಮನೆಯ ಪದ್ಧತಿ. ಹೊಸ ರಾಗಿ ಇನ್ನು ಎಲ್ಲಿಂದ ಬರಬೇಕು? ಯಾರೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಅತ್ತೆ ಅಂಗಡಿಯಿಂದ ರಾಗಿ ತರಿಸಿ ಮುದ್ದೆ ಮಾಡುತ್ತಿದ್ದರು, ಹಗೇವಿನ ಮೇಲೆ ಸಗಣಿ ಸಾರಿಸಿ ರಂಗೋಲಿ ಬಿಡುತ್ತಿದ್ದರು.

ಆ ರಂಗೋಲಿಯ ಮೇಲೆ ನಾಯಿ ಹೋಗಿ ಕೂತಿತು. ಮೊದಲು ಮೂಸಿತು, ತಲೆ ವಾರೆ ಮಾಡಿ ನೆಲಕ್ಕೆ ಕಿವಿಗೊಟ್ಟಿತು, ಆಮೇಲೆ ಕೆರೆಯತೊಡಗಿತು. ಅತ್ತೆ ಪೊರಕೆ ಹಿಡಿದು ಓಡಿಸಿದರು. ಮತ್ತೆ ಬಂತು. ಕಟ್ಟಿಹಾಕಿದರೆ ಹಗ್ಗ ಕಡಿದುಕೊಂಡು ಬಂತು. ಊಟ ಬಿಟ್ಟಿತು. ಇನ್ನೊಂದು ಸಲ ಕೆರೆದರೆ ದಂಡಿಗೆ ವಾಪಸ್ ಅಟ್ಟುವುದಾಗಿ ಅತ್ತೆ ಹೇಳಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಜಾತಿ ಸುಮ್ಮನೆ ಮಣ್ಣು ಕೆರೆಯುವುದಿಲ್ಲ, ರಾಗಿಗೆ ಏನೋ ಬಿದ್ದಿದೆ ಎಂದು ಗಂಡನಿಗೆ ಹೇಳಿದೆ. ಅವರು ತಾಯಿಯ ಮುಖ ನೋಡಿ ಕೆಲಸಕ್ಕೆ ಹೊರಟುಬಿಟ್ಟರು.

ಒಂದು ಭಾನುವಾರ ನಾಯಿಯೇ ಹಗೇವಿನ ಪಕ್ಕದ ಕೊಟ್ಟಿಗೆಯ ಗೋಡೆ ಬುಡದಲ್ಲಿ ಬಿಲ ಹುಡುಕಿ ಒಳಗೆ ನುಗ್ಗಿತು. ಹೊರಗೆ ಬರೀ ಬಾಲದ ಮೋಟು. ಗಂಡ ಅದನ್ನೇ ಹಿಡಿದು ಎಳೆದರು. ನಾಯಿಯ ಬಾಯಲ್ಲಿ ಬೆಕ್ಕಿನಷ್ಟು ದಪ್ಪದ ಹೆಗ್ಗಣ. ಅದರ ಹಿಂದೆಯೇ ಬಿಲದಿಂದ ಮುಗ್ಗಲು ವಾಸನೆಯ ರಾಗಿ ಸುರಿಯಿತು.

ಅತ್ತೆ ಬೊಗಸೆಯಲ್ಲಿ ತೆಗೆದುಕೊಂಡು ನೋಡಿದರು. ಒಳಗೆ ಹೋಗಿ ಕುಂಕುಮ, ಊದುಬತ್ತಿ ತಂದು ಚಪ್ಪಡಿಗೆ ಪೂಜೆ ಮಾಡಿ, ತೆಗೆಯಿರಿ ಅಂದರು. ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ, ತೆಗೆದ ತಕ್ಷಣ ಇಳಿದವರು ಉಸಿರುಕಟ್ಟಿ ಸಾಯುವುದುಂಟು. ಹಗ್ಗ ಕಟ್ಟಿ ಲಾಂದ್ರ ಇಳಿಬಿಟ್ಟರು, ಆರಿಹೋಯಿತು. ದೀಪ ಆರದೆ ನಿಂತದ್ದು ಮಾರನೆಯ ದಿನ. ಅಲ್ಲಿಯವರೆಗೆ ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿದ್ದೆ. ಬಾಗಿಲನ್ನೇ ಕೆರೆದುಹಾಕಿತ್ತು.

ಹಗೇವಿನೊಳಗೆ ಬಿಟ್ಟ ಮೇಲೆ ಅದರ ಕೆಲಸ ನೋಡಬೇಕಿತ್ತು. ಹೆಗ್ಗಣದ ಕತ್ತು ಹಿಡಿದು ಒಮ್ಮೆ ಕೊಡವುವುದು, ಎಸೆಯುವುದು, ಇನ್ನೊಂದಕ್ಕೆ ಹೋಗುವುದು. ತಿನ್ನುವ ಆಸೆಯೇ ಇಲ್ಲ. ಅರ್ಧಕ್ಕರ್ಧ ರಾಗಿ ಹೆಗ್ಗಣಗಳ ಪಾಲಾಗಿ ಹಾಳಾಗಿತ್ತು, ಮಿಕ್ಕಿದ್ದು ಚೆನ್ನಾಗಿಯೇ ಇತ್ತು. ದಂಡಿಗೆ ಅಟ್ಟುವ ಮಾತು ಮತ್ತೆ ಬರಲಿಲ್ಲ.

ಒಳ್ಳೆಯ ರಾಗಿಯನ್ನು ಒಣಗಿಸಿ, ಬಿಲ ಮುಚ್ಚಿ, ಮುಂದಿನ ವರ್ಷಕ್ಕೆ ಮತ್ತೆ ಹಗೇವಿಗೆ ತುಂಬೋಣ ಎಂದು ಗಂಡ ಸಮಾಧಾನ ಹೇಳಿದರು. ಅತ್ತೆ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ಮುಂದಿನ್ ವರ್ಷ ಯಾವ ಹೊಲದಲ್ಲಿ ಬೆಳೀತೀಯಪ್ಪಾ? ಹೊಲ ಹೋಯ್ತು. ನಾನು ಮುಚ್ಚಿಟ್ಕೊಂಡು ಕೂತಿದ್ದೆ, ಹೆಗ್ಗಣ ತಿಂತಿದ್ವು. ಇರೋದನ್ನ ನಾವೇ ಉಂಡ್ಬಿಡಾನ."

ಹೊಲ ಹೋಯಿತು ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಕೇರಲು ಕೂತರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದುಹೋಯಿತು.

ಹಗೇವು ತೆಗೆದಾಗ ಅಣ್ಣತಮ್ಮಂದಿರ, ಅಂದರೆ ದಾಯಾದಿಗಳ, ಮನೆಗಳಿಗೆಲ್ಲ ಒಂದೊಂದು ಮೊರ ರಾಗಿ ಕೊಡುವುದು ವಾಡಿಕೆ. ಅವರು ಅದರಲ್ಲಿ ಒಂದು ಹಿಡಿಯನ್ನು ತಮ್ಮ ಬಿತ್ತನೆಗೆ ಬೆರೆಸಿಕೊಳ್ಳುತ್ತಿದ್ದರು. ಅತ್ತೆ ಆ ಸಲವೂ ಯಾವ ಮನೆಯನ್ನೂ ಬಿಡದೆ ಕೊಟ್ಟು ಬಂದರು. ಬಿತ್ತಲು ಯಾರಿಗೂ ಹೊಲವಿರಲಿಲ್ಲ. ಎಲ್ಲರೂ ಬೀಸಿಕೊಂಡು ಉಂಡರು.