ಚಂದಮ್ಮನ ಆರನೇ ತಟ್ಟೆ

ಮರಾಠಿ ಸೀಮೆಯ ಧನಕವಡಿಯ ಒಂದು ಖಾಸಗಿ ಬೆಳೆರೋಗ ಪ್ರಯೋಗಾಲಯದಲ್ಲಿ ಚಂದಮ್ಮ ಹನ್ನೊಂದು ವರ್ಷದಿಂದ ಗಾಜಿನ ತಟ್ಟೆ ತೊಳೆಯುತ್ತಿದ್ದಳು. ಬೂಷ್ಟು ಬೆಳೆಸುವ ಪಾಕಕ್ಕೆ ಆಲೂಗಡ್ಡೆ ಬೇಯಿಸುವವಳೂ ಅವಳೇ, ರೋಗದ ಬೇರು ಕತ್ತರಿಸುವವಳೂ ಅವಳೇ. ಇಂಡಿ ಕಡೆಯ ಹೆಣ್ಣು. ಬಾಯಿ ಜೋರು, ಕೈ ಮಾತ್ರ ಬಲು ಚೊಕ್ಕ. 1998ರಲ್ಲಿ ಮೋಹನದಾಸ್ ಎಂಬ ಹೊಸ ಸಾಹೇಬ ಬಂದ. ಉಡುಪಿ ಕಡೆಯವನು, ದೊಡ್ಡ ಡಿಗ್ರಿ. ಅಬ್ಬಬ್ಬಾ, ಏನು ಗತ್ತು! ಮೊದಲ ದಿನದಿಂದಲೇ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಆ ಮಳೆಗಾಲ ಸಾಸವಡದ ರೈತ ಬಾಳು ಬೇರು ಕೊಳೆತ ಬೀನ್ಸ್ ಗಿಡ ತಂದ. ಸಾಹೇಬ ಪೂರಾ ಸತ್ತ ಬೇರಿನ ಚೂರನ್ನೇ ಪಾಕದ ತಟ್ಟೆಗಿಟ್ಟ. ನಾಲ್ಕಾರು ದಿನಕ್ಕೆ ಗುಲಾಬಿ ಬೂಷ್ಟು ಬಂತು. ಗಿಡ ಕೊಂದದ್ದು ಫ್ಯುಸೇರಿಯಂ ಎಂಬ ಬೂಷ್ಟು ಎಂದು ರಿಪೋರ್ಟ್ ಬರೆಯಲು ಕೂತೇಬಿಟ್ಟ.

"ಸತ್ತ ಹೆಣಕ್ಕ ಹತ್ತು ಹದ್ದು ಬರ್ತಾವ್ರಿ," ಎಂದಳು ಚಂದಮ್ಮ. "ಕೊಂದದ್ದು ಯಾವುದು ಅನ್ನೂದು ಕೊಳತದ್ದು ಮುಗದು ಹಸೀ ಬೇರು ಸುರು ಆಗೂ ಅಂಚಿನ್ಯಾಗ ಸಿಗ್ತದ." ಆ ಅಂಚಿನ ಚೂರನ್ನು ಅವಳು ಬೇರೆ ತಟ್ಟೆಗೆ ಇಟ್ಟಿದ್ದಳು. ಅದರಲ್ಲಿ ಬಿಳಿ ನೂಲು ಹಬ್ಬಿತ್ತು.

"ಎಂತ ಅಂಚು? ಅದು ನಿನ್ನ ಕೈಯ ಕೊಳೆ ಮಾರಾಯ್ತಿ! ಸೋಮವಾರದಿಂದ ಬರುವುದು ಬೇಡ."

ಚಂದಮ್ಮನಿಗೆ ಮೈಯೆಲ್ಲ ಉರಿಯಿತು. ಹೊಟ್ಟೆಪಾಡು ಹೋದರೆ ಹೋಗಲಿ, ಕೈಗೆ ಕೊಳಕಿನ ಹೆಸರೇ? "ಹತ್ತ ದಿನ ಕೊಡ್ರಿ. ನನ್ನ ಕೈಕೊಳಿ ಹೆಂಗಿರ್ತದ ತೋರಸ್ತೀನಿ!" ರಿಪೋರ್ಟಿಗೆಂದು ಬಂದು ನಿಂತಿದ್ದ ರೈತನೆದುರು ಇಲ್ಲ ಎನ್ನಲಾಗದೆ ಸಾಹೇಬ ಹಲ್ಲು ಕಡಿದು ಒಪ್ಪಿದ.

ಬಾಳು ಮರುದಿನವೇ ಈಗಷ್ಟೇ ಬಾಡತೊಡಗಿದ ಗಿಡಗಳನ್ನು ತಂದ. ಐದು ಗಿಡಗಳ ಅಂಚಿನ ಚೂರು ಐದು ತಟ್ಟೆಗೆ ಹೋಯಿತು. ಆರನೆಯದಕ್ಕೆ ಬೇರಿಲ್ಲ. ಚಂದಮ್ಮ ತೊಳೆಯದ ಬೆರಳುಗಳನ್ನು ಅದರ ಮೇಲೆ ಒತ್ತಿದಳು. ಸಾಹೇಬ ಕಪಾಟಿಗೆ ಬೀಗ ಜಡಿದು ಕೀಲಿ ತನ್ನ ಜೇಬಿಗೇ ಹಾಕಿಕೊಂಡ.

ಹತ್ತನೇ ದಿನ ಬೀಗ ತೆಗೆದಾಗ ಐದೂ ತಟ್ಟೆಗಳಲ್ಲಿ ಒಂದೇ ಬಿಳಿ ನೂಲು, ಅದರ ಮೇಲೆ ಸಾಸಿವೆಯಂಥ ಕಂದು ಕಾಳು. ಫ್ಯುಸೇರಿಯಂ ಅಲ್ಲ, ಸ್ಕ್ಲೆರೋಷಿಯಂ ಎಂಬ ಬೇರೆಯದೇ ಬೂಷ್ಟು! ಆರನೆಯದರಲ್ಲಿ ಹಸಿರು, ಕಪ್ಪು, ಹಳದಿ ಚುಕ್ಕೆಗಳ ಸಂತೆ. ಬಿಳಿ ನೂಲು ಎಳೆಯಷ್ಟೂ ಇಲ್ಲ. ಸಾಹೇಬ ತಟ್ಟೆಗಳನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದ. ಹಳೆಯ ರಿಪೋರ್ಟ್ ಹರಿದು ಹೊಸದು ಬರೆದ. ಕಾದು ನಿಂತಿದ್ದ ಬಾಳು ಅದನ್ನು ಹಿಡಿದು ಬಸ್ಸಿಗೆ ಓಡಿದ.

ತಪ್ಪಾಯಿತು ಎನ್ನಲು ಆ ಮಹಾಶಯನಿಗೆ ಬಾಯಿ ಬರಬೇಕಲ್ಲ! "ಆಯ್ತು, ಸೋಮವಾರ ಬಾ. ಈಗ ಇದನ್ನೆಲ್ಲ ತೊಳೆದಿಡು," ಎಂದ.

ಚಂದಮ್ಮ ಆರೂ ತಟ್ಟೆಗಳನ್ನು ಅವನ ಮೇಜಿನ ಮೇಲೆ ಪೇರಿಸಿದಳು.

"ನನ್ನ ಕೈ ಹೊಲಸು ಅಂದಿದ್ರಲ್ರೀ ಸಾಹೇಬ್ರ? ಇವತ್ತ ನೀವ ತೊಳೀರಿ."