ಹೇಳಿಕೊಡಬ್ಯಾಡ್ರಿ ಅಂದ ಅಕ್ಕೋರು

ಸಿಟ್ಟು ಬಂದರೆ ಅಕ್ಕೋರ ಕೊರಳು ಮೊದಲು ಕೆಂಪಾಗುತ್ತಿತ್ತು. ಎಡಗಿವಿಯ ಕೆಳಗೆ ಮಚ್ಚೆಯಂತೆ ಹುಟ್ಟಿ, ನೋಡುನೋಡುತ್ತಿದ್ದಂತೆ ಸೆರಗಿನ ಅಂಚಿನವರೆಗೂ ಇಳಿಯುತ್ತಿತ್ತು. ದನಿ ಮಾತ್ರ ಏರುತ್ತಿರಲಿಲ್ಲ. ಖಾನಾಪುರದ ನಮ್ಮ ಸರಕಾರಿ ಪ್ರೌಢಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಬೆಳಗಾವಿಯ ಶಿವಬಸವ ನಗರದವರು. ದಿನವೂ ಲೋಂಡಾ ಕಡೆಯ ರೈಲು ಹಿಡಿದು ಬರುತ್ತಿದ್ದರು. ರೈಲು ತಡವಾದ ದಿನ ನಿಲ್ದಾಣದಿಂದ ಬಿರುಸಾಗಿ ನಡೆದು ಬಂದು, ಏದುಸಿರಿನಲ್ಲೇ ಪಾಠ ಶುರುಮಾಡುತ್ತಿದ್ದರು.

ಶಾಲೆಗೆ ಸರಕಾರದಿಂದ ರೋಬೋಟ್ ಮಾಡುವ ಸಾಮಾನು ಬಂದಿತ್ತು. ಮೋಟಾರು, ಗಾಲಿ, ಸೆನ್ಸರು, ಲ್ಯಾಪ್‌ಟಾಪು. ಹೆಡ್‌ಮಾಸ್ತರರು ಅವನ್ನೆಲ್ಲ ಒಂದು ಕೋಣೆಯಲ್ಲಿಟ್ಟು ಕೀಲಿ ಹಾಕಿದ್ದರು.

"ಸಾಹೇಬ್ರು ಬಂದಾಗ ತೋರಸಾಕ ಬೇಕ್ರಿ ಮೇಡಂ. ಹುಡುಗ್ರ ಕೈಯಾಗ ಕೊಟ್ರ ಕೆಡಸ್ತಾವು."

"ಕೆಡಸ್ಲಿ ಬಿಡ್ರಿ ಸರ್. ಕೆಡಸಲಾರದ ಕಲತವ್ರನ್ನ ನಾ ಇನ್ನೂ ನೋಡಿಲ್ಲ."

ಮರುದಿನ ಅಕ್ಕೋರು ಇಡೀ ಒಂಬತ್ತನೇ ತರಗತಿಯನ್ನು ಕರೆದುಕೊಂಡು ಹೋಗಿ ಹೆಡ್‌ಮಾಸ್ತರರ ಬಾಗಿಲ ಮುಂದೆ ಕೂರಿಸಿ, ಅಲ್ಲಿಯೇ ವಿದ್ಯುತ್ತಿನ ಪಾಠ ಮಾಡಿದರು. ಒಳಗೆ ಹೋಗುವವರು ನಮ್ಮನ್ನು ದಾಟಿಕೊಂಡೇ ಹೋಗಬೇಕು. ಊಟದ ಗಂಟೆಯೊಳಗೆ ಕೀಲಿಕೈ ಬಂತು.

ಮೊದಮೊದಲು ಹುಡುಗರೂ ಬಂದರು. ರೋಬೋಟು ಸಿನಿಮಾದಲ್ಲಿದ್ದಂತೆ ಹಾರುವುದಿಲ್ಲ ಎಂದು ಗೊತ್ತಾದ ಮೇಲೆ ಕ್ರಿಕೆಟ್ಟಿಗೆ ವಾಪಸಾದರು. ಉಳಿದವರು ನಾವು ಮೂವರು ಹುಡುಗಿಯರು. ನಾನು ಪ್ರೋಗ್ರಾಮ್ ಬರೆಯುತ್ತಿದ್ದೆ, ಸುವರ್ಣಾ ಜೋಡಣೆ ಮಾಡುತ್ತಿದ್ದಳು, ಇನ್ನೊಬ್ಬಳು ತಂತಿಯ ಕೆಲಸ ನೋಡಿಕೊಳ್ಳುತ್ತಿದ್ದಳು. ಸುವರ್ಣಾಳ ಮನೆಮಾತು ಮರಾಠಿ. ಅಕ್ಕೋರು ಅವಳನ್ನು ಮರಾಠಿಯಲ್ಲಿ ಬೈಯುತ್ತಿದ್ದರು, ನನ್ನನ್ನು ಕನ್ನಡದಲ್ಲಿ. ತಂತಿ, ಸ್ಕ್ರೂ ಸಾಲದೆ ಹೋದರೆ ರವಿವಾರ ಪೇಟೆ ಸುತ್ತಿ ತರುತ್ತಿದ್ದರು. ಆದರೆ ಎಂದೂ ನಮ್ಮ ರೋಬೋಟು ಮುಟ್ಟಲಿಲ್ಲ. ತಪ್ಪು ಎಲ್ಲಿದೆ ಎಂದು ಕಂಡರೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

ಬೆಳಗಾವಿಯ ಸ್ಪರ್ಧೆಯಲ್ಲೂ ಹಾಗೆಯೇ ನಿಂತಿದ್ದರು. ರೋಬೋಟು ಕರಿ ಗೆರೆಯ ಮೇಲೆ ತಾನಾಗಿಯೇ ಹೋಗಿ, ಕಟ್ಟಿಗೆಯ ತುಂಡು ಎತ್ತಿ ಡಬ್ಬಿಗೆ ಹಾಕಬೇಕು. ಅಕ್ಕಪಕ್ಕದ ಮೇಜುಗಳಲ್ಲಿ ದೊಡ್ಡ ಶಾಲೆಗಳ ಮಕ್ಕಳು ಒಂದೇ ಬಣ್ಣದ ಅಂಗಿ ತೊಟ್ಟು ಸುಮ್ಮನೆ ನಿಂತಿದ್ದರು. ಕೆಲಸವೆಲ್ಲ ಅವರ ಜೊತೆ ಬಂದ ದೊಡ್ಡವರದು. ನಮ್ಮ ರೋಬೋಟು ಕಿಟಕಿಯ ಬಿಸಿಲು ಬಿದ್ದಲ್ಲಿ ಗೆರೆ ಬಿಟ್ಟು ಎತ್ತೆತ್ತಲೋ ಹೊರಟಿತು. ನಾನು ಅಳುಮೋರೆ ಹಾಕಿ ಅಕ್ಕೋರತ್ತ ತಿರುಗಿದೆ.

"ನನ್ನ ಮಾರಿ ಯಾಕ ನೋಡ್ತಿ? ಮಷಿನ್ ಮಾರಿ ನೋಡು."

ನೋಡಿದೆ. ಬಿಸಿಲಿಗೆ ಸೆನ್ಸರಿನ ಲೆಕ್ಕ ತಪ್ಪಿತ್ತು. ಆ ಸಭಾಂಗಣದ ಬೆಳಕಿಗೆ ತಕ್ಕಂತೆ ಪ್ರೋಗ್ರಾಮ್ ತಿದ್ದಿದೆ. ಎರಡನೇ ಬಹುಮಾನ ನಮ್ಮದಾಯಿತು. ಬೆಂಗಳೂರಿನ ರಾಜ್ಯಮಟ್ಟಕ್ಕೂ ಆಯ್ಕೆಯಾದೆವು. "ಯಾರು ಮಾಡಿಕೊಟ್ರಮ್ಮ ಇದನ್ನ?" ಎಂದು ಒಬ್ಬ ತೀರ್ಪುಗಾರರು ನಗುತ್ತ ಕೇಳಿದಾಗ ಅಕ್ಕೋರ ಕೊರಳು ಕೆಂಪಾದದ್ದನ್ನು ನಾನು ನೋಡಿದೆ.

ನಿಜವಾದ ಪೆಟ್ಟು ಬಿದ್ದದ್ದು ನಮ್ಮ ಶಾಲೆಯಲ್ಲೇ. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಿ ಜವಾಬ್ದಾರಿ ಹೊರುವವರು ಯಾರು ಎಂದು ಹೆಡ್‌ಮಾಸ್ತರರು ಶಾಲಾ ಸಮಿತಿಯವರೊಡನೆ ಮಾತಾಡಿಕೊಂಡು, ನಮ್ಮ ಬದಲು ಮೂವರು ಹುಡುಗರನ್ನು ಆರಿಸಿದರು. ಅವರಲ್ಲೊಬ್ಬ ಸಮಿತಿಯ ಅಧ್ಯಕ್ಷರ ಮಗ. ನಮ್ಮ ನಮ್ಮ ಮನೆಗಳಿಗೂ ಫೋನು ಹೋಯಿತು.

ಕುರಿ ಕಾಯ್ದುಕೊಂಡು ಬದುಕಿದ ಮನೆತನ ನಮ್ಮದು. ಅಪ್ಪ ಒಂದೇ ಫೋನಿಗೆ ಹೆದರಿಬಿಟ್ಟಿದ್ದ. ಅಕ್ಕೋರು ಹಳ್ಳಿಯವರೆಗೂ ಬಂದರು.

"ಗಂಡ ಹುಡುಗ್ರ ಜೋಡಿ ಲಾಜಿನ್ಯಾಗ ಇರಬೇಕಾಕ್ಕತಿ ಅಂತಲ್ರಿ ಅಕ್ಕೋರ?"

"ಸುಳ್ಳರಿ ಅದು. ಇವರು ಮೂವರು, ನಾನು, ಒಂದ ಖೋಲ್ಯಾಗ ಇರ್ತೀವಿ."

"ನಾಳೆ ಏನರ ಆದ್ರ ಹೆಂಗ್ರಿ?"

"ಆಗೂದು ಇವತ್ತ ಆಗೇತ್ರಿ. ನಿಮ್ಮ ಮಗಳು ಗೆದ್ದು ಬಂದಾಳ, ಆಕೀನ್ನ ಮನ್ಯಾಗ ಕುಂದರಸಾಕತ್ತೀರಿ. ಇದಕ್ಕ ಯಾರನ್ನ ಕೇಳೂಣ್ರಿ?"

ಅಪ್ಪ ತಲೆ ತಗ್ಗಿಸಿದ. ಆದರೆ ಒಪ್ಪಲಿಲ್ಲ.

ಮರುದಿನ ಹೆಡ್‌ಮಾಸ್ತರರು ನಮ್ಮನ್ನು ಕರೆಸಿದರು. ಆ ಹುಡುಗರು ನಮ್ಮ ರೋಬೋಟನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದರು. "ಇದನ್ನ ಹೆಂಗ ನಡಸೂದು ಇವರಿಗೆ ಹೇಳಿಕೊಡ್ರಿ. ಸಾಲಿ ಮರ್ಯಾದಿ ಪ್ರಶ್ನೆ ಐತಿ."

"ಹೇಳಿಕೊಡಬ್ಯಾಡ್ರಿ" ಎಂದರು ಅಕ್ಕೋರು. ಕಲಿತದ್ದನ್ನು ಬಾಜು ಕೂತವರಿಗೆ ಹೇಳಿಕೊಡದಿದ್ದರೆ ಕಿವಿ ಹಿಂಡುತ್ತಿದ್ದ ನಮ್ಮ ಅಕ್ಕೋರು!

"ಮೇಡಂ, ನೀವು ಶಿಕ್ಷಕಿ ಅದೀರಿ. ನೆನಪೈತೇನು?"

"ಅದಕ್ಕ ಹೇಳಾಕತ್ತೀನ್ರಿ. ಹೇಳಿಕೊಡೂದು ಬ್ಯಾರೆ, ಕಸಗೊಳ್ಳಾಕ ಬಿಡೂದು ಬ್ಯಾರೆ."

ನಾವು ಹೇಳಿಕೊಡಲಿಲ್ಲ. ರೋಬೋಟು ಆ ಹುಡುಗರ ಜೊತೆ ಬೆಂಗಳೂರಿಗೆ ಹೋಗಿ, ಅಲ್ಲಿಯ ಬೆಳಕಿಗೆ ಪ್ರೋಗ್ರಾಮ್ ತಿದ್ದುವವರಿಲ್ಲದೆ ಗೆರೆಯ ಮೇಲೆ ನಿಂತು, ಅಲ್ಲಾಡದೆ ವಾಪಸು ಬಂತು. ಶಾಲೆಯ ಮಾನ ಕಳೆದರೆಂದು ಅಕ್ಕೋರ ಮೇಲೆ ದೂರು ಹೋಯಿತು. ಜೂನ್ ಬರುವುದರೊಳಗೆ ಅವರನ್ನು ಲೋಂಡಾದ ಆಚೆ, ಕಾಡಿನೊಳಗಿನ ಒಂದು ಶಾಲೆಗೆ ವರ್ಗ ಮಾಡಿದರು. ಮಾನ ಕಳೆದವರು ಯಾರೋ, ಕಾಡಿಗೆ ಹೋದವರು ಯಾರೋ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ಇಲ್ಲ.

ಹತ್ತನೇ ತರಗತಿ ಮುಗಿದಾಗ ಅಕ್ಕೋರು ಅಲ್ಲಿಂದಲೇ ಮತ್ತೆ ನಮ್ಮ ಮನೆಗೆ ಬಂದರು. ಡಿಪ್ಲೊಮಾ ಓದಿಸಲು ಈ ಸಲ ಅಪ್ಪ ಒಪ್ಪಿದ. ಸುವರ್ಣಾಳ ಮನೆಗೂ ಹೋಗಿದ್ದರು. ಆ ಮನೆಯವರು ಒಪ್ಪಲಿಲ್ಲ, ವರ್ಷ ತುಂಬುವುದರೊಳಗೆ ಅವಳ ಮದುವೆ ಗೊತ್ತುಮಾಡಿದರು. ಮುಂದೆ ಅಕ್ಕೋರು ಆ ಮದುವೆಯ ಸುದ್ದಿ ಹೇಳುವಾಗ ನನ್ನ ಮುಖ ನೋಡಲಿಲ್ಲ. ಇವತ್ತು ನಾನು ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತೇನೆ. ಹೀಗೆ ದುಡಿದು ಉಣ್ಣುತ್ತಿರುವುದು ಅವರಿಂದ.

ಹೋದ ಮಳೆಗಾಲದಲ್ಲಿ ಅಕ್ಕೋರು ಜ್ವರದಿಂದ ತೀರಿಕೊಂಡರು. ಶಿವಬಸವ ನಗರದಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ನಿವೃತ್ತರಾಗಿದ್ದ ನಮ್ಮ ಹೆಡ್‌ಮಾಸ್ತರರು ಮೈಕಿನ ಮುಂದೆ ಬಂದು ನಿಂತರು. "ಹಳ್ಳಿ ಹೆಣ್ಣುಮಕ್ಕಳನ್ನು ರಾಜ್ಯಮಟ್ಟಕ್ಕೆ ಒಯ್ದ ಮಹಾತಾಯಿ. ಅವರ ಬೆನ್ನಿಗೆ ನಿಲ್ಲುವ ಭಾಗ್ಯ ನನ್ನದಾಗಿತ್ತು" ಎಂದರು. ದನಿಯಲ್ಲಿ ಗದ್ಗದವೂ ಇತ್ತು.

ನಾನು ಎದ್ದು ನಿಂತೆ. "ಸುಳ್ಳ ಹೇಳಬ್ಯಾಡ್ರಿ ಸರ್. ನಾವು ಬೆಂಗಳೂರು ನೋಡಲೇ ಇಲ್ಲ. ನೀವು ಬಿಡಲಿಲ್ಲ."

ಹಿಂದಿನಿಂದ ಯಾರೋ, "ಕುಂದರವಾ ತಂಗಿ, ಸತ್ತವ್ರ ಮುಂದ ಇದೆಲ್ಲಾ ಬ್ಯಾಡ" ಎಂದರು.

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕೋರ ತಾಯಿ ಹಿಂದಕ್ಕೆ ತಿರುಗಿದರು. ಹಣೆಯಲ್ಲಿ ವಿಭೂತಿ, ಅತ್ತು ಕೆಂಪಾದ ಕಣ್ಣು.

"ಯಾಕ ಕುಂದರಬೇಕು? ನನ್ನ ಮಗಳು ಮನ್ಯಾಗ ಏನೂ ಹೇಳ್ತಿದ್ದಿಲ್ಲ. ನೀ ಹೇಳವಾ. ಇಲ್ಲಿ ಮುಂದ ಬಾ, ಎಲ್ಲಾ ಹೇಳು."

ನಾನು ಮುಂದೆ ಹೋದೆ. ಹೆಡ್‌ಮಾಸ್ತರರ ಕೈಯಿಂದ ಮೈಕು ತೆಗೆದುಕೊಂಡು, ಅವರು ಅಲ್ಲಿ ನಿಂತಿರುವಾಗಲೇ, ಒಂದನ್ನೂ ಬಿಡದೆ ಹೇಳಿದೆ.